ತೂಕ ಇಳಿಸುವ ಆಪರೇಷನ್: ಮನೆಗೆ ಬಂದ ಮೇಲಿನ ಮಾತು



ತೂಕ ಇಳಿಸಲು ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಡಾಕ್ಟರುಗಳು ಇದಕ್ಕೆ ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಬಾರೋಸ್’ ಎಂದರೆ ತೂಕ. ನಮ್ಮ ‘ಭಾರ’ ಎಂಬ ಮಾತನ್ನು ನೆನೆದುಕೊಂಡರೆ ಹೆಸರು ಮರೆಯುವುದಿಲ್ಲ.

ನಾನು ಡಾಕ್ಟರಲ್ಲ. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಇಪ್ಪತ್ತೈದು ವರ್ಷದಿಂದ ಸಂಸಾರ ಮಾಡಿಕೊಂಡಿರುವ, ಕುಂದಾಪುರ ಕಡೆಯಿಂದ ಬಂದ ಒಬ್ಬ ಹೆಂಗಸು. 2018ರ ಆಗಸ್ಟ್ ತಿಂಗಳಲ್ಲಿ ಈ ಆಪರೇಷನ್ ಮಾಡಿಸಿಕೊಂಡೆ. ಆಪರೇಷನ್ ಟೇಬಲ್ ಮೇಲೆ ನಾನಿದ್ದದ್ದು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಅದಾದ ಮೇಲಿನ ಚೇತರಿಕೆ ವರ್ಷಗಟ್ಟಲೆ ನಡೆದಿದೆ, ಇನ್ನೂ ನಡೆಯುತ್ತಲೇ ಇದೆ. ಜನ ನನ್ನನ್ನು ಕೇಳುವುದೆಲ್ಲ ಆ ಎರಡು ಗಂಟೆಯ ಬಗ್ಗೆ. ಆಮೇಲಿನ ವರ್ಷಗಳ ಬಗ್ಗೆ ಕೇಳುವವರು ಕಡಿಮೆ. ಆದ್ದರಿಂದ ಅದನ್ನೇ ಹೆಚ್ಚು ಹೇಳುತ್ತೇನೆ.

ಮುಂಬಯಿಯವರಿಗೆ ಈ ಆಪರೇಷನ್ ಹೊಸದೇನಲ್ಲ. 2011ರಲ್ಲಿ ನಿತಿನ್ ಗಡ್ಕರಿಯವರು ಮುಂಬಯಿಯಲ್ಲೇ ಮಾಡಿಸಿಕೊಂಡರು. 2014ರಲ್ಲಿ ಅರುಣ್ ಜೇಟ್ಲಿಯವರು ಮಧುಮೇಹದ ಕಾರಣಕ್ಕೆ ದಿಲ್ಲಿಯಲ್ಲಿ ಮಾಡಿಸಿಕೊಂಡರು. ಎಲ್ಲರ ನೆನಪಿನಲ್ಲಿ ಇರುವುದು 2017ರ ಫೆಬ್ರವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಸರಕು ವಿಮಾನದಲ್ಲಿ ಬಂದಿಳಿದ ಎಮಾನ್ ಅಹ್ಮದ್. ಆಕೆಯ ತೂಕ 500 ಕಿಲೋ ಎಂದು ಪತ್ರಿಕೆಗಳು ಬರೆದವು. ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ವಿಮಾನ ನಿಲ್ದಾಣದಿಂದ ಟ್ರಕ್ಕಿನಲ್ಲಿ ಆಕೆಯನ್ನು ಚರ್ನಿ ರೋಡಿನ ಸೈಫೀ ಆಸ್ಪತ್ರೆಗೆ ಒಯ್ದು, ಕ್ರೇನಿನಿಂದ ಮೇಲೆತ್ತಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಆಕೆಯ ಕಥೆಯ ಮುಂದಿನ ಭಾಗಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಅವರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ಕಡು ಎಳೆಯ ವಯಸ್ಸಿನಲ್ಲಿ ತೀರಿಕೊಂಡಾಗ ಊರಿನಿಂದ ನನಗೆ ನಾಲ್ಕಾರು ಫೋನು ಬಂದವು. “ನೀನು ಮಾಡಿಸಿಕೊಂಡದ್ದೂ ಅದೇ ಅಲ್ವಾ?” ಅಂತ. ಅಲ್ಲ. ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ, ಅಂದಕ್ಕಾಗಿ ಮಾಡುವ ಚಿಕಿತ್ಸೆ. ನನಗಾದದ್ದು ಜಠರ ಮತ್ತು ಕರುಳಿನ ಆಪರೇಷನ್. ಇದನ್ನು ರೋಗಕ್ಕಾಗಿ ಮಾಡುತ್ತಾರೆ, ಅಂದಕ್ಕಾಗಿ ಅಲ್ಲ. ಹತ್ತು ಕಿಲೋ ಜಾಸ್ತಿಯಾಗಿದೆ, ಮಗಳ ಮದುವೆಗೆ ಮುಂಚೆ ಇಳಿಸಬೇಕು ಎನ್ನುವವರಿಗೆ ಇದು ಸಲ್ಲುವುದಿಲ್ಲ.

ಹಾಗಾದರೆ ಯಾರಿಗೆ? ಇದಕ್ಕೊಂದು ಲೆಕ್ಕವಿದೆ. ನಿಮ್ಮ ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಬಿ.ಎಂ.ಐ. ನನ್ನ ಎತ್ತರ 1.55 ಮೀಟರ್, ಆಗಿನ ತೂಕ 112 ಕಿಲೋ. ಅಂದರೆ ಬಿ.ಎಂ.ಐ. 46ಕ್ಕೂ ಹೆಚ್ಚು. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದಂತೆ 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇದ್ದವರಿಗೆ ಈ ಆಪರೇಷನ್ ಎಂದಿತ್ತು. 2022ರಲ್ಲಿ ಈ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಗಳು ಅದನ್ನು ಬದಲಿಸಿ 35ಕ್ಕೆ ಇಳಿಸಿದವು. ಮಧುಮೇಹವಿದ್ದರೆ 30ರಿಂದಲೇ ಯೋಚಿಸಬಹುದು ಎಂದವು. ನಮ್ಮಂಥ ಏಷ್ಯಾದವರಿಗೆ ಇನ್ನೂ ಕಡಿಮೆ, ಯಾಕೆಂದರೆ ನಮಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ.

ನನಗೆ ಹನ್ನೊಂದು ವರ್ಷದಿಂದ ಮಧುಮೇಹವಿತ್ತು. ದಿನಕ್ಕೆ ಎರಡು ಸಲ ಇನ್ಸುಲಿನ್. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುತ್ತಿತ್ತು. ಮೂಗಿಗೆ ಮೆಷಿನ್ ಕಟ್ಟಿಕೊಂಡು ಮಲಗಬೇಕು. ಮೊಣಕಾಲು ನೋವು ಬೇರೆ. ಸಾಂತಾಕ್ರೂಜ್ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು, ಹಿಂದಿನವರು ಗೊಣಗುತ್ತಾ ಪಕ್ಕದಿಂದ ನುಗ್ಗಿ ಹೋಗುತ್ತಿದ್ದರು. ಶೇರ್ ರಿಕ್ಷಾದಲ್ಲಿ ನಾನು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಹಾಗಾಗಿ ಎರಡು ಸೀಟಿನ ಹಣ ಕೊಟ್ಟು ಕೂರುವುದನ್ನೇ ರೂಢಿ ಮಾಡಿಕೊಂಡಿದ್ದೆ.

“ತಿನ್ನುವುದು ಕಮ್ಮಿ ಮಾಡಿದರೆ ಆಯ್ತಲ್ಲ” ಎಂದು ಹೇಳದವರೇ ಇಲ್ಲ. ಕಮ್ಮಿ ಮಾಡಿದ್ದೆ. ಮೂರು ಸಲ ಡಯೆಟ್ ಮಾಡಿ ಹನ್ನೆರಡು, ಹದಿನೈದು ಕಿಲೋ ಇಳಿಸಿಯೂ ಇದ್ದೆ. ವರ್ಷ ತಿರುಗುವುದರೊಳಗೆ ಇಳಿದದ್ದೆಲ್ಲ ಮರಳಿ ಬರುತ್ತಿತ್ತು. ಇದು ಆಲಸ್ಯದ ಪ್ರಶ್ನೆಯಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ನನಗೆ ಅರ್ಧ ರೋಗ ವಾಸಿಯಾದಂತಾಯಿತು. 1999ರಲ್ಲಿ ಜಪಾನಿನ ವಿಜ್ಞಾನಿಗಳು ‘ಘ್ರೆಲಿನ್’ ಎಂಬ ಹಾರ್ಮೋನನ್ನು ಕಂಡುಹಿಡಿದರು. ಜಠರದಲ್ಲಿ ಹುಟ್ಟಿ ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಪಥ್ಯ ಮಾಡಿ ತೂಕ ಇಳಿಸಿದಾಗ ಅದು ಇನ್ನೂ ಹೆಚ್ಚುತ್ತದೆ. ಶರೀರ ತನ್ನ ಹಳೆಯ ತೂಕಕ್ಕೆ ಹಿಂದಿರುಗಲು ಜಗ್ಗುತ್ತಿರುತ್ತದೆ. ಈ ಆಪರೇಷನ್ ಹೊಟ್ಟೆಯನ್ನು ಚಿಕ್ಕದು ಮಾಡುವುದರ ಜೊತೆಗೆ ಇಂಥ ಹಾರ್ಮೋನುಗಳ ಆಟವನ್ನೂ ಬದಲಿಸುತ್ತದೆ. ಹಾಗಾಗಿಯೇ ಬರೀ ಪಥ್ಯಕ್ಕೆ ಆಗದ್ದು ಇದರಿಂದ ಆಗುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ವಿಧ. ಒಂದು ‘ಸ್ಲೀವ್’. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯಷ್ಟನ್ನು ಉಳಿಸುತ್ತಾರೆ. ಇನ್ನೊಂದು ‘ಬೈಪಾಸ್’. ಹೃದಯದ ಬೈಪಾಸ್ ಅಲ್ಲ, ಜಠರದ್ದು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಎಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಮೇಲಕ್ಕೆ ತಂದು ಅದಕ್ಕೆ ಜೋಡಿಸುತ್ತಾರೆ. ಉಂಡದ್ದು ದೊಡ್ಡ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ನೇರ ಕೆಳಗೆ ಹೋಗುತ್ತದೆ. ತೂಕ ಇಳಿಸಲು ಇಂಥ ಬೈಪಾಸನ್ನು 1966ರಲ್ಲಿ ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್. ಈಗ ಹೊಟ್ಟೆ ಸೀಳುವುದಿಲ್ಲ. ಐದಾರು ಸಣ್ಣ ತೂತುಗಳ ಮೂಲಕ ದುರ್ಬೀನಿನಿಂದ ಮಾಡುತ್ತಾರೆ. ನನಗೆ ಮಧುಮೇಹ ಹಳೆಯದಾದ್ದರಿಂದ ಬೈಪಾಸ್ ಆಯ್ಕೆ ಮಾಡಿದರು.

ಆಪರೇಷನ್ನಿಗೆ ಮೊದಲೇ ಕೆಲಸ ಶುರುವಾಗುತ್ತದೆ. ರಕ್ತ, ಹೃದಯ, ಶ್ವಾಸಕೋಶ, ಎಂಡೋಸ್ಕೋಪಿ ಎಂದು ಪರೀಕ್ಷೆಗಳು. ಡಯಟೀಶಿಯನ್ ಜೊತೆ ಮಾತು, ಮನೋವೈದ್ಯರ ಜೊತೆ ಮಾತು. ಮನೋವೈದ್ಯರು ಯಾಕೆ ಎಂದು ನಮ್ಮವರು ಕೇಳಿದ್ದರು. ಸಿಟ್ಟು ಬಂದಾಗ, ಬೇಸರವಾದಾಗ ತಿನ್ನುವ ಅಭ್ಯಾಸ ಇದೆಯೇ, ಮುಂದಿನ ನಿಯಮ ಪಾಲಿಸುವ ಮನಸ್ಸು ಇದೆಯೇ ಎಂದು ನೋಡಲು. ಎರಡು ವಾರ ಮೊದಲಿಂದ ದ್ರವ ಆಹಾರ. ದಪ್ಪಗಿರುವವರ ಯಕೃತ್ತಿನಲ್ಲೂ ಕೊಬ್ಬು ತುಂಬಿರುತ್ತದೆ. ಜಠರ ಇರುವುದು ಅದರ ಕೆಳಗೆ. ಯಕೃತ್ತು ಕುಗ್ಗಿದರೆ ಡಾಕ್ಟರ ಕೈಗೆ ಜಾಗ ಸಿಗುತ್ತದೆ.

ಖರ್ಚಿನ ಮಾತೂ ಹೇಳಬೇಕು. ನನಗೆ ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ ಆಯಿತು. ಆಗ ನಮ್ಮ ವಿಮೆಯಲ್ಲಿ ಇದು ಸೇರಿರಲಿಲ್ಲ. ಎರಡು ಬಳೆ ಅಡವಿಟ್ಟು ಹಣ ಹೊಂದಿಸಿದೆವು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹೊಸ ಮಾರ್ಗಸೂಚಿ ತಂದಿತು. ಅದರ ಪ್ರಕಾರ 18 ವರ್ಷ ದಾಟಿದ, ಡಾಕ್ಟರ ಸಲಹೆ ಇರುವ, ಬಿ.ಎಂ.ಐ. 40 ಅಥವಾ ಮೇಲಿರುವ ರೋಗಿಗೆ ಸ್ಥೂಲಕಾಯದ ಆಪರೇಷನ್ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಮಧುಮೇಹ ಇಂಥವು ಇದ್ದು, ಬೇರೆ ಉಪಾಯಗಳು ವಿಫಲವಾಗಿದ್ದರೆ 35 ಸಾಕು. ನಿಮ್ಮ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು ವರ್ಷ ಎಂಬುದನ್ನು ಮಾತ್ರ ಮೊದಲೇ ಓದಿ ನೋಡಿ.

ಅಪಾಯ ಇಲ್ಲವೇ? ಇದೆ. ದೊಡ್ಡ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಪಿತ್ತಕೋಶದ ಆಪರೇಷನ್ನಿನಷ್ಟೇ ಎಂದು ಹೋಲಿಸುತ್ತಾರೆ. ಹೊಲಿದ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಈ ಮೂರಕ್ಕೆ ಹೆದರಬೇಕು. ಆದ್ದರಿಂದಲೇ ಅಂದು ಸಂಜೆಯೇ ನನ್ನನ್ನು ಎಬ್ಬಿಸಿ ವರಾಂಡದಲ್ಲಿ ನಡೆಸಿದರು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣ ಕೊಟ್ಟು ಗಂಟೆಗೊಮ್ಮೆ ಉಸಿರೆಳೆಯಲು ಹೇಳಿದರು. ಮೂರನೆಯ ದಿನ ಮನೆಗೆ ಕಳುಹಿಸುವಾಗ ನರ್ಸ್ ಬಾಯಿ ಒಂದು ಕಾಗದ ಕೊಟ್ಟಳು: ಜ್ವರ ಬಂದರೆ, ಸುಮ್ಮನೆ ಕೂತಾಗಲೂ ಎದೆ ಡವಡವ ಹೊಡೆದುಕೊಂಡರೆ, ಹೊಟ್ಟೆನೋವು ಏರುತ್ತಲೇ ಹೋದರೆ, ನಿಲ್ಲದ ವಾಂತಿಯಾದರೆ ರಾತ್ರಿ ಎಷ್ಟು ಗಂಟೆಯಾದರೂ ಸರಿ, ನೇರ ಆಸ್ಪತ್ರೆಗೆ ಬರಬೇಕು. ಆ ಕಾಗದವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆವು. ಯಾರು ಮಾಡಿಸಿಕೊಂಡರೂ ಹಾಗೆ ಅಂಟಿಸಿಡಿ.

ಈಗ ಮನೆಗೆ ಬಂದ ಮೇಲಿನ ಮಾತು.

ಮೊದಲ ಎರಡು ವಾರ ಬರೀ ದ್ರವ. ಆಮೇಲೆ ಎರಡು ವಾರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು. ಆಮೇಲೆ ಮೆತ್ತಗಿನ ಆಹಾರ. ಒಂದೂವರೆ ಎರಡು ತಿಂಗಳಿಗೆ ಸಾಧಾರಣ ಊಟ, ಅದೂ ಸಣ್ಣ ಬಟ್ಟಲಿನಲ್ಲಿ. ಒಂದೊಂದು ತುತ್ತು ಇಪ್ಪತ್ತು ಸಲ ಅಗಿಯಬೇಕು. ಒಂದು ಊಟಕ್ಕೆ ಅರ್ಧ ಗಂಟೆ. ಊಟದ ಜೊತೆ ನೀರಿಲ್ಲ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆ ಲೀಟರ್ ನೀರು ಹೋಗಲೇಬೇಕು. ಗಟಗಟ ಕುಡಿಯುವ ಹಾಗಿಲ್ಲದಿದ್ದರೆ ಅಷ್ಟು ನೀರು ಕುಡಿಯುವುದೇ ಇಡೀ ದಿನದ ಉದ್ಯೋಗ.

ನಮ್ಮ ಕಡೆ ಹುಷಾರಿಲ್ಲದವರಿಗೆ ಗಂಜಿ ಕೊಡುವುದು ಪದ್ಧತಿ. ಕುಚ್ಚಲಕ್ಕಿ ಗಂಜಿಯ ತಿಳಿ, ಎರಡು ಹರಳು ಉಪ್ಪು. ನನ್ನ ಅತ್ತೆಯವರಿಗೆ ಆಗ ಎಪ್ಪತ್ತೆರಡು ವರ್ಷ. ಮೊದಲ ವಾರ ಅವರು ತಿಳಿ ತಂದು ಕೊಡುತ್ತಿದ್ದರು, ನಾನು ಔಷಧಿ ಕುಡಿಯುವ ಮುಚ್ಚಳದಲ್ಲಿ ಅಳೆದು ಕುಡಿಯುತ್ತಿದ್ದೆ. ಮೂರು ಮುಚ್ಚಳಕ್ಕೆ ಹೊಟ್ಟೆ ತುಂಬಿ ಬಿಗಿಯುತ್ತಿತ್ತು. ಅವರು ನೋಡಿ ನೋಡಿ ಒಂದು ದಿನ ನಮ್ಮ ಕುಂದಾಪ್ರ ಭಾಷೆಯಲ್ಲೇ ಕೇಳಿದರು: “ಎಂತ ಹೆಣೆ, ಗುಬ್ಬಿ ತಿಂದಾಂಗ್ ತಿಂದ್ರೆ ಜೀವ ನಿಲ್ತಾ?” ಅವರ ಕಣ್ಣಲ್ಲಿ ನೀರಿತ್ತು. ಬಡಿಸುವುದೇ ಪ್ರೀತಿ ಎಂದು ತಿಳಿದು ಬಾಳಿದವರಿಗೆ ಬೇಡ ಎನ್ನುವ ಕೈ ನೋಡುವುದು ಸುಲಭವಲ್ಲ.

ಮುಂದಿನ ಭೇಟಿಗೆ ನಾನು ಅವರನ್ನೂ ಡಯಟೀಶಿಯನ್ ಹತ್ತಿರ ಕರೆದುಕೊಂಡು ಹೋದೆ. ಆ ಹುಡುಗಿ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದಳು. ಹೊಟ್ಟೆ ಇಷ್ಟೇ ಇರುವುದು. ಅದರಲ್ಲಿ ಅನ್ನ ತುಂಬಿದರೆ ಪ್ರೋಟೀನಿಗೆ ಜಾಗವಿಲ್ಲ. ಪ್ರೋಟೀನ್ ಸಾಲದೆ ಹೋದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ನಡೆಯಲು ಬಲ ಇರುವುದಿಲ್ಲ. ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಬೇಕು. ಮೀನು, ಮೊಟ್ಟೆ ತಿನ್ನುವವರಿಗೆ ಅಷ್ಟು ಕಷ್ಟವಿಲ್ಲ, ಒಂದು ಮೊಟ್ಟೆಯಲ್ಲೇ 6 ಗ್ರಾಂ ಇದೆ. ನಮ್ಮದು ಸಸ್ಯಾಹಾರ. ಒಂದು ಇಡ್ಲಿಯಲ್ಲಿ ಇರುವುದು ಎರಡು ಗ್ರಾಂ. ಗಂಜಿಯ ತಿಳಿಯಲ್ಲಿ ಏನೂ ಇಲ್ಲವೆನ್ನಬಹುದು.

ಆ ದಿನದಿಂದ ನಮ್ಮ ಅಡುಗೆಮನೆಯ ಲೆಕ್ಕ ಅತ್ತೆಯವರ ಕೈಗೆ ಹೋಯಿತು. ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪುಡಿ ಒಂದು ಅಳತೆಗೆ 24 ಗ್ರಾಂ. ಒಣ ಸೋಯಾ ಚಂಕ್ಸ್ 25 ಗ್ರಾಂ ನೆನೆಸಿ ರುಬ್ಬಿ ಪಲ್ಯ ಮಾಡಿದರೆ 13 ಗ್ರಾಂ. ಪನೀರ್ 50 ಗ್ರಾಂ, ಅದರಿಂದ 9. ಹೆಸರುಬೇಳೆ ಒಂದು ಹಿಡಿ, ಅಂದರೆ 30 ಗ್ರಾಂ, ಅದರಿಂದ 7. ಒಂದು ಲೋಟ ಹಾಲಿನಿಂದ 6. ಕೂಡಿಸಿ ನೋಡಿ, 60ರ ಹತ್ತಿರ ಬರುತ್ತದೆ. ಮೊದಲು ಬೇಳೆ ಪಲ್ಯ, ಜಾಗ ಉಳಿದರೆ ಅನ್ನ. ನಮ್ಮ ತಟ್ಟೆಯ ಕ್ರಮವೇ ತಿರುಗುಮುರುಗಾಯಿತು. ಮಧ್ಯದಲ್ಲಿದ್ದ ಅನ್ನ ಮೂಲೆಗೆ ಹೋಯಿತು. ಮಗನಿಗೂ ಅವನ ಅಪ್ಪನಿಗೂ ಅದೇ ಅಡುಗೆ. ಅವರದ್ದೂ ನಾಲ್ಕಾರು ಕಿಲೋ ಇಳಿಯಿತು ಎಂಬುದು ಬೇರೆ ಮಾತು.

ಏಕಾದಶಿಯ ಪ್ರಶ್ನೆ ಎದ್ದಿತು. ನಮ್ಮ ಮನೆಯಲ್ಲಿ ಏಕಾದಶಿ ಕಟ್ಟುನಿಟ್ಟು. ಆದರೆ ಇಂಥ ಆಪರೇಷನ್ ಆದವರು ನೀರಿಲ್ಲದೆ ದಿನವಿಡೀ ಇದ್ದರೆ ಒಣಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಅತ್ತೆಯವರೇ ತೀರ್ಮಾನ ಹೇಳಿದರು: “ಔಷಧಿ ತಕ್ಕೊಂಬರಿಗೆ ದೇವ್ರ್ ವಿನಾಯಿತಿ ಕೊಟ್ಟಿದ್ದ.” ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಏಕಾದಶಿ ಮನೆಯವರಿಗೆ, ಅದರ ಪಕ್ಕದ ಚೌಕದಲ್ಲಿ ನನ್ನ ಇಂಜೆಕ್ಷನ್ ದಿನ ಎಂದು ಅವರೇ ಗುರುತು ಹಾಕತೊಡಗಿದರು.

ಮನೆಯ ಹೊರಗಿನದ್ದು ಇನ್ನೊಂದು ಕಥೆ. ನಮ್ಮಲ್ಲಿ ಭೇಟಿಯಾದರೆ ಮೊದಲು ಕೇಳುವುದೇ “ಊಟ ಆಯ್ತಾ?” ಎಂದು. ಮುಂಜಿ, ಮದುವೆ, ಪ್ರಭಾತ್ ಕಾಲೋನಿಯ ಪೇಜಾವರ ಮಠದ ಪ್ರಸಾದ, ಬಿಲ್ಲವ ಭವನದ ಸಮಾರಂಭ, ಎಲ್ಲಿ ಹೋದರೂ ಎಲೆ. ಬಡಿಸುವವರು ಪ್ರೀತಿಯಿಂದ “ಒಂದು ಹೋಳಿಗೆ” ಎನ್ನುತ್ತಾರೆ. ಬೈಪಾಸ್ ಆದವರಿಗೆ ಸಿಹಿ ಬರೀ ಪಥ್ಯದ ಪ್ರಶ್ನೆಯಲ್ಲ. ಸಕ್ಕರೆ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಇದಕ್ಕೆ ‘ಡಂಪಿಂಗ್’ ಎನ್ನುತ್ತಾರೆ. ಹಾಗಾಗಿ ಬಡಿಸುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ಹೊಟ್ಟೆಯ ಆಪರೇಷನ್ ಆಗಿದೆ, ಸಿಹಿ ಆಗುವುದಿಲ್ಲ, ಒಂದು ಸೌಟು ಕೋಸಂಬರಿ ಜಾಸ್ತಿ ಹಾಕಿ. ಹೀಗೆ ಒಂದು ಪದಾರ್ಥ ಕೇಳಿ ಪಡೆದರೆ ಬಡಿಸುವವರಿಗೂ ಸಮಾಧಾನ.

ಲಾಭದ ಮಾತಿಗೆ ಬರೋಣ. ಆಸ್ಪತ್ರೆಯಿಂದ ಹೊರಡುವ ದಿನವೇ ನನ್ನ ಇನ್ಸುಲಿನ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆರನೆಯ ವಾರಕ್ಕೆ ಪೂರಾ ನಿಂತಿತು. ಆಗಿನ್ನೂ ತೂಕ ಹತ್ತು ಕಿಲೋ ಮಾತ್ರ ಇಳಿದಿತ್ತು. ತೂಕ ಇಳಿಯುವ ಮೊದಲೇ ಸಕ್ಕರೆ ಇಳಿಯುವುದನ್ನು ಅಮೆರಿಕದ ಡಾ. ವಾಲ್ಟರ್ ಪೋರೀಸ್ ಎಂಬವರು 1995ರಲ್ಲೇ ವಿವರವಾಗಿ ಬರೆದಿದ್ದರು. ಆಹಾರ ಬೇಗ ಕೆಳಗಿನ ಕರುಳು ಮುಟ್ಟಿದಾಗ ಇನ್ಸುಲಿನ್‌ಗೆ ಸಹಾಯ ಮಾಡುವ ಹಾರ್ಮೋನುಗಳು ಹೆಚ್ಚುತ್ತವೆ. ಒಂದು ವರ್ಷದಲ್ಲಿ ನಾನು 112ರಿಂದ 74 ಕಿಲೋಗೆ ಬಂದೆ. ರಾತ್ರಿಯ ಮೆಷಿನ್ ಹೋಯಿತು. ಸ್ಟೇಷನ್ನಿನ ಬ್ರಿಜ್ ಒಂದೇ ಉಸಿರಿಗೆ ಹತ್ತುತ್ತೇನೆ. ಶೇರ್ ರಿಕ್ಷಾದಲ್ಲಿ ಒಂದೇ ಸೀಟಿನ ಹಣ ಕೊಡುತ್ತೇನೆ. ಆ ಮೊದಲ ದಿನ ರಿಕ್ಷಾದವ ಮೂರನೆಯವರನ್ನು ನನ್ನ ಪಕ್ಕ ಕೂರಿಸಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ!

ಆದರೆ ಎಲ್ಲವೂ ಸಿಹಿಯಲ್ಲ. ನಾಲ್ಕನೆಯ ತಿಂಗಳಿಂದ ತಲೆಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಹಿಡಿ ಹಿಡಿ ಬರುತ್ತಿತ್ತು. ಬೇಗ ತೂಕ ಇಳಿದಾಗ ಹೀಗಾಗುತ್ತದೆ, ಮತ್ತೆ ಬರುತ್ತದೆ ಎಂದಿದ್ದರು. ವರ್ಷದ ಕೊನೆಗೆ ಬಂತು. ತೋಳು, ಹೊಟ್ಟೆಯ ಚರ್ಮ ಜೋತುಬಿದ್ದದ್ದು ಹಾಗೆಯೇ ಇದೆ. ಜನರ ಮಾತು ಬೇರೆ. “ಏನು ಮಾರಾಯ್ತಿ, ಇಷ್ಟು ಸೊರಗಿದ್ದಿ, ದೊಡ್ಡ ಕಾಯಿಲೆಯಾ?” ಎಂದು ಕೆಲವರು. “ಸುಲಭದ ದಾರಿ ಹಿಡಿದೆ” ಎಂದು ಕೆಲವರು. ಆರನೆಯ ತಿಂಗಳಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಬೇಸರವಾದಾಗ ಚಕ್ಕುಲಿಯ ಡಬ್ಬ ತೆಗೆಯುವ ದಾರಿ ಈಗ ಮುಚ್ಚಿತ್ತು. ಬೇಸರಕ್ಕೆ ಹೊಸ ದಾರಿ ಬೇಕಿತ್ತು. ಡಾಕ್ಟರನ್ನು ಕೇಳಿಕೊಂಡು ಪ್ರಭಾತ್ ಕಾಲೋನಿಯ ಯೋಗ ಇನ್‌ಸ್ಟಿಟ್ಯೂಟಿಗೆ ಬೆಳಿಗ್ಗೆ ಹೋಗತೊಡಗಿದೆ. ಶ್ರೀ ಯೋಗೇಂದ್ರರು 1918ರಲ್ಲಿ ಆರಂಭಿಸಿದ ಸಂಸ್ಥೆ ಅದು. ಮನೆಯಿಂದ ಅಲ್ಲಿಗೆ ನಡೆದು ಹೋಗಿ ಬರುವುದೇ ಒಂದು ಔಷಧಿಯಾಯಿತು.

ಈಗ ಬಹಳ ಮುಖ್ಯವಾದ ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ಬೈಪಾಸ್ ಆದವರು ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್, ಬಿ-12 ಇವನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು. ಕಬ್ಬಿಣವನ್ನು ಹೀರುವ ಕರುಳಿನ ಭಾಗವನ್ನೇ ಆಹಾರ ಈಗ ಮುಟ್ಟುವುದಿಲ್ಲ. ಬಿ-12 ಮೈಗೆ ಹತ್ತಲು ಜಠರದ ಒಂದು ರಸ ಬೇಕು, ಅದು ಸರಿಯಾಗಿ ಬೆರೆಯುವುದಿಲ್ಲ. ಸಸ್ಯಾಹಾರಿಗಳಲ್ಲಿ ಬಿ-12 ಮೊದಲೇ ಕಮ್ಮಿ. ನಮ್ಮ ರೋಗಿಗಳ ಗುಂಪಿನಲ್ಲಿ ಒಬ್ಬರಿದ್ದರು. ಒಂದೂವರೆ ವರ್ಷದಲ್ಲಿ ಐವತ್ತು ಕಿಲೋ ಇಳಿಸಿ, ಎಲ್ಲ ಸರಿಯಾಯಿತೆಂದು ಮಾತ್ರೆ, ಇಂಜೆಕ್ಷನ್, ರಕ್ತ ಪರೀಕ್ಷೆ ಎಲ್ಲ ನಿಲ್ಲಿಸಿದರು. ಮೂರನೆಯ ವರ್ಷ ಪಾದ ಜೋಮು ಹಿಡಿಯಿತು, ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದಾಗ ಬಿ-12 ತಳ ಕಂಡಿತ್ತು. ಚಿಕಿತ್ಸೆಯಿಂದ ಸುಧಾರಿಸಿದರು, ಆದರೆ ಪೂರ್ತಿ ಅಲ್ಲ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆಮೇಲಿನ ದಾರಿಯಲ್ಲಿ ಅವರ ಜೊತೆಗೆ ಯಾರೂ ಇರಲಿಲ್ಲ. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದು, ಕೆಲಸದ ಜಾಗದಲ್ಲೇ ಊಟ ಮಾಡುವ ಮನುಷ್ಯ. ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ಇಲ್ಲ.

ತೂಕದ ವಿಷಯದಲ್ಲೂ ಹಾಗೇ. ಎರಡು ವರ್ಷದ ಮೇಲೆ ಸ್ವಲ್ಪ ಮರಳಿ ಬರುವುದು ಸಾಮಾನ್ಯ. ನನ್ನದು 74ರಿಂದ 79ಕ್ಕೆ ಬಂದು ನಿಂತಿದೆ. ಐದನೆಯ ವರ್ಷದಲ್ಲಿ ಸಕ್ಕರೆಗೆ ಒಂದು ಸಣ್ಣ ಮಾತ್ರೆ ಮತ್ತೆ ಶುರುವಾಯಿತು. ಇದು ಸೋಲಲ್ಲ ಎಂದು ಡಾಕ್ಟರು ಹೇಳುತ್ತಾರೆ. ಮಧುಮೇಹ ಓಡಿಹೋಗುವುದಿಲ್ಲ, ಮಲಗಿರುತ್ತದೆ ಅಷ್ಟೇ.

ಎಮಾನ್ ಅಹ್ಮದ್ ಕಥೆಗೆ ಈಗ ಬರುತ್ತೇನೆ. 2017ರ ಮಾರ್ಚಿನಲ್ಲಿ ಡಾ. ಮುಫಝಲ್ ಲಕ್ಡಾವಾಲಾ ಅವರ ತಂಡ ಆಕೆಗೆ ಸ್ಲೀವ್ ಆಪರೇಷನ್ ಮಾಡಿತು. ತೂಕ ಬಹಳ ಇಳಿಯಿತು. ಪರೀಕ್ಷೆಯಲ್ಲಿ ಆಕೆಗೆ ಹಸಿವು ತಣಿಯುವ ಸಂದೇಶವನ್ನೇ ಕೆಡಿಸುವ ವಂಶವಾಹಿ ದೋಷವಿರುವುದು ಗೊತ್ತಾಯಿತು. ಹಿಂದೆ ಪಾರ್ಶ್ವವಾಯು ಬೇರೆ ಆಗಿತ್ತು. ಆಕೆಯ ತಂಗಿಗೂ ಆಸ್ಪತ್ರೆಗೂ ಚಿಕಿತ್ಸೆಯ ಬಗ್ಗೆ ಭಿನ್ನಾಭಿಪ್ರಾಯ ಬಂದು, ಮೇ ತಿಂಗಳಲ್ಲಿ ಆಕೆಯನ್ನು ಅಬುಧಾಬಿಗೆ ಒಯ್ದರು. ಸೆಪ್ಟೆಂಬರ್ 25ರಂದು, 37ನೆಯ ವಯಸ್ಸಿನಲ್ಲಿ, ಹೃದಯ ಮತ್ತು ಮೂತ್ರಪಿಂಡದ ತೊಂದರೆಯಿಂದ ಆಕೆ ತೀರಿಕೊಂಡರು. ವಸಾಯಿಯ ಇನ್ನೊಬ್ಬ ಮಹಿಳೆಯ ಸುದ್ದಿ 2019ರಲ್ಲಿ ಬಂತು. 300 ಕಿಲೋ ಇದ್ದವರು 2015ರಲ್ಲಿ ಒಂದು, 2017ರಲ್ಲಿ ಇನ್ನೊಂದು ಆಪರೇಷನ್ ಆಗಿ 86 ಕಿಲೋಗೆ ಇಳಿದಿದ್ದರು. ಇಬ್ಬರ ರೋಗವೂ ಬೇರೆ ಬೇರೆ, ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಅಳೆಯಬಾರದು. ಆದರೆ ಟಿ.ವಿ. ಕ್ಯಾಮರಾಗಳು ಹೋದ ಮೇಲೆಯೂ ರೋಗ ಉಳಿದಿರುತ್ತದೆ, ವರ್ಷಗಟ್ಟಲೆ ಉಪಚಾರ ಬೇಕಾಗುತ್ತದೆ ಎಂಬುದು ಎರಡು ಕಥೆಯಲ್ಲೂ ಇದೆ.

ಸ್ವೀಡನ್ ದೇಶದಲ್ಲಿ 1987ರಿಂದ ಇಂಥ ಸಾವಿರಾರು ರೋಗಿಗಳನ್ನು ಗಮನಿಸುತ್ತಾ ಬಂದಿದ್ದಾರೆ. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಆಪರೇಷನ್ ಆದವರು ಆಗದ ದಪ್ಪ ಜನರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರಷ್ಟು ಅಲ್ಲ, ಅವರಿಗಿಂತ ಐದೂವರೆ ವರ್ಷ ಕಡಿಮೆ. ಲಾಭವೂ ನಿಜ, ಅದಕ್ಕೊಂದು ಮಿತಿ ಇರುವುದೂ ನಿಜ.

ಈಗ ಇಂಜೆಕ್ಷನ್ನುಗಳ ಕಾಲ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವಿಗೋವಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಚುಚ್ಚಿಕೊಂಡರೆ ಹಸಿವು ಕಡಿಮೆಯಾಗಿ ತೂಕ ಇಳಿಯುತ್ತದೆ. ಹಲವರಿಗೆ ಆಪರೇಷನ್ನೇ ಬೇಡವಾಗಬಹುದು, ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಆದರೆ ನಿಲ್ಲಿಸಿದರೆ ತೂಕ ಮರಳುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ಔಷಧಿ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ವಸ್ತು ಅಲ್ಲವೇ ಅಲ್ಲ.

ಕೊನೆಯದಾಗಿ, ಆಪರೇಷನ್ ಮಾಡಿಸಬೇಕೆಂದಿರುವವರು ಡಾಕ್ಟರನ್ನು ಈ ಪ್ರಶ್ನೆಗಳನ್ನು ಕೇಳಿ: ನನಗೆ ಯಾವ ವಿಧ, ಯಾಕೆ? ನೀವು ಇಂಥವು ಎಷ್ಟು ಮಾಡಿದ್ದೀರಿ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಮೂರನೆಯ ವರ್ಷ, ಐದನೆಯ ವರ್ಷ ನನ್ನನ್ನು ನೋಡುವವರು ಯಾರು? ವರ್ಷಕ್ಕೆ ಮಾತ್ರೆ, ಪರೀಕ್ಷೆಗೆ ಎಷ್ಟು ಖರ್ಚು? ಇನ್ನೂ ಮಕ್ಕಳಾಗಬೇಕಾದ ಹೆಣ್ಣುಮಕ್ಕಳಾದರೆ, ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂಬುದನ್ನು ಮದುವೆಗೆ, ಮನೆಯ ಹಿರಿಯರಿಗೆ ಮೊದಲೇ ತಿಳಿಸಬೇಕು. ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು, ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ. ಕುಡಿಯುವ ಅಭ್ಯಾಸವಿದ್ದವರು ಬಿಡಲೇಬೇಕು, ಬೈಪಾಸ್ ಆದ ಮೇಲೆ ಒಂದು ಗುಟುಕೂ ಬೇಗ ತಲೆಗೇರುತ್ತದೆ.

ಇನ್ನೊಂದು ಪ್ರಶ್ನೆ ಮನೆಯವರಿಗೆ. ನೀವು ಯಾರನ್ನಾದರೂ ಇದಕ್ಕೆ ಕಳುಹಿಸುತ್ತಿದ್ದರೆ, ನಿಮ್ಮ ಅಡುಗೆಮನೆ ಅದಕ್ಕೆ ತಯಾರಿದೆಯೇ ನೋಡಿಕೊಳ್ಳಿ. ಒಂಟಿಯಾಗಿ ಮುಂಬಯಿಯಲ್ಲಿ ದುಡಿಯುವ ನಮ್ಮವರು ಸಾವಿರಾರು ಜನ ಇದ್ದಾರೆ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಗಲ್ಲದ ಮೇಲೆ ಕೂತು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರು. ಅವರಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ವಾರಕ್ಕೊಮ್ಮೆ ಫೋನ್ ಮಾಡಿ. ಊಟ ಆಯ್ತಾ ಎಂದು ಕೇಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಮಾತ್ರೆ ಆಯ್ತಾ, ಈ ತಿಂಗಳ ಇಂಜೆಕ್ಷನ್ ಆಯ್ತಾ, ರಕ್ತ ಪರೀಕ್ಷೆ ಯಾವಾಗ ಎಂದೂ ಕೇಳಿ. ಅಷ್ಟು ಕೇಳುವವರು ಒಬ್ಬರಿದ್ದರೂ ಸಾಕು, ಎಷ್ಟೋ ತೊಂದರೆ ತಪ್ಪುತ್ತದೆ.